ಭಾನುವಾರದ ಹಾಜರಿ

ಆ ಹತ್ತಿ ಮಿಲ್ಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಕೆಲಸಗಾರ ನಾನೊಬ್ಬನೇ. ಅದು ನನ್ನ ತಲೆಗೇರಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಹೇಳುವುದೆಲ್ಲ ಅದರಿಂದಲೇ ಆದದ್ದು.

ನನ್ನ ಹೆಸರು ತಾಯಣ್ಣ, ಊರು ದೇವದುರ್ಗ ತಾಲ್ಲೂಕಿನ ಗಬ್ಬೂರು. 1979ರಲ್ಲಿ ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿದ್ದ ವಿರೂಪಣ್ಣ ಸಾಹುಕಾರರ ಮಿಲ್ಲಿಗೆ ಹಾಜರಿ ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತೊಂದು. ನಮ್ಮ ಕೇರಿಯಲ್ಲಿ ಅಲ್ಲಿಯತನಕ ಯಾರೂ ಕುರ್ಚಿಯ ಮೇಲೆ ಕುಳಿತು ದುಡಿದವರಿರಲಿಲ್ಲ. ಆ ಕುರ್ಚಿ ಕೊಡಿಸಿದವಳು ನನ್ನ ಅಕ್ಕ ದುರುಗಮ್ಮ. ಗಂಡ ಸತ್ತ ಮೇಲೆ ಅವಳು ಅದೇ ಮಿಲ್ಲಿನಲ್ಲಿ ಎಂಟು ವರ್ಷದಿಂದ ಮಿಷನ್ನಿಗೆ ಹತ್ತಿ ಉಣಿಸುತ್ತಿದ್ದಳು, ನನ್ನನ್ನು ಓದಿಸಿದ್ದೂ ಅದೇ ದುಡಿಮೆಯಲ್ಲಿ. ನಾನು ಪಾಸಾದ ವಾರವೇ ಮ್ಯಾನೇಜರ್ ಮಹಾಂತಯ್ಯನ ಬಾಗಿಲಲ್ಲಿ ಹೋಗಿ ನಿಂತಳು. ಅವನು ಹೂಂ ಅನ್ನುವವರೆಗೆ ಮೂರು ದಿನ, ಕೆಲಸ ಬಿಟ್ಟ ಮೇಲೆ, ಸುಮ್ಮನೆ ನಿಂತಳಂತೆ.

ಮಿಲ್ಲೆಂದರೆ ತಗಡಿನ ಉದ್ದನೆಯ ಒಂದು ಶೆಡ್ಡು. ಒಳಗೆ ಎರಡು ಸಾಲು ಜಿನ್ನಿಂಗ್ ಮಿಷನ್ನು, ಅವುಗಳ ಮುಂದೆ ಮೂವತ್ತೆರಡು ಹೆಂಗಸರು. ಮಾನ್ವಿ, ಕಲ್ಲೂರು, ಪೋತ್ನಾಳದ ಕಡೆಯಿಂದ ಬಂದ ಹತ್ತಿಯನ್ನು ಅವರು ಹಿಡಿಹಿಡಿಯಾಗಿ ಮಿಷನ್ನಿನ ಬಾಯಿಗೆ ಕೊಡಬೇಕು. ಅದು ಅರಳೆಯನ್ನು ಆಚೆಗೆ ಎಳೆದುಕೊಂಡು ಬೀಜವನ್ನು ಕೆಳಗೆ ಉದುರಿಸುತ್ತದೆ. ಗಾಳಿ ಬಂದರೆ ಅರಳೆ ಹಾರಿ ನಷ್ಟವಾಗುತ್ತದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಎದುರಿನ ಗೋಡೆ ಕಾಣುತ್ತಿರಲಿಲ್ಲ, ಅಷ್ಟು ಧೂಳು. ಮಹಾಂತಯ್ಯ ಬಂದರೆ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು ಕೂಗಿ ಹೇಳುವುದನ್ನು ಹೇಳಿ ಹೋಗುತ್ತಿದ್ದ. ಹೆಂಗಸರು ಬೆಳಿಗ್ಗೆ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡೇ ಕೂರುತ್ತಿದ್ದರು. ಹತ್ತು ಗಂಟೆಗೆ ಬೆವರಿಗೆ ಅದು ತೊಯ್ದು ಮುಖಕ್ಕೆ ಅಂಟಿದಾಗ ಬಿಚ್ಚಿ ಹೆಗಲಿಗೆ ಹಾಕುತ್ತಿದ್ದರು.

ಸಂಜೆ ಪ್ರತಿಯೊಬ್ಬರಿಗೂ ಒಂದೊಂದು ತುಣುಕು ಬೆಲ್ಲ. ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಇಳಿದುಹೋಗುತ್ತದೆ ಎಂಬುದು ಮಿಲ್ಲಿನ ಹಳೆಯ ನಂಬಿಕೆ. ಹಂಚುವ ಕೆಲಸ ನನ್ನದೇ. ಮುಕ್ಕಾಲು ಮಂದಿ ಅದನ್ನು ಮಕ್ಕಳಿಗೆಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಧೂಳು ಇಳಿಯದಿದ್ದರೆ ಅದಕ್ಕೆ ಅವರೇ ಕಾರಣ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಹೆಂಗಸರಿಗೆಲ್ಲ ಒಂದು ಕಾಯಿಲೆ ಇತ್ತು. ಅವರು ಅದಕ್ಕೆ ಸ್ವಾಮಾರದ ದಮ್ಮು, ಅಂದರೆ ಸೋಮವಾರದ ಉಬ್ಬಸ, ಅನ್ನುತ್ತಿದ್ದರು. ಭಾನುವಾರ ರಜೆ. ಸೋಮವಾರ ಬಂದು ಕೂತರೆ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿಯುವುದು, ಉಸಿರು ಒಳಗೆ ಹೋಗದಿರುವುದು, ಒಣಕೆಮ್ಮು, ಮೈ ಬಿಸಿ. ನಾಲ್ಕೈದು ಮಂದಿ ಅರ್ಧ ದಿನಕ್ಕೇ ಮನೆಗೆ ಹೋಗುತ್ತಿದ್ದರು. ಮಂಗಳವಾರಕ್ಕೆ ಸ್ವಲ್ಪ ಕಡಿಮೆ. ಗುರುವಾರದ ಹೊತ್ತಿಗೆ ಎಲ್ಲರೂ ಮಾತಾಡುತ್ತ ಹತ್ತಿ ಉಣಿಸುವವರೇ.

ನಾನು ಸುಮ್ಮನಿರಬಹುದಿತ್ತು. ನನ್ನ ಕೈಯಲ್ಲಿ ಹಾಜರಿ ಪುಸ್ತಕ ಇತ್ತು, ತಲೆಯಲ್ಲಿ ಎಸ್ಸೆಸ್ಸೆಲ್ಸಿ ಇತ್ತು. ಪುಸ್ತಕದ ಹಿಂಬದಿಯಲ್ಲಿ, ಅರ್ಧ ದಿನಕ್ಕೆ ಹೋದವರ ಹೆಸರು ಮತ್ತು ವಾರದ ದಿನ ಬರೆಯುತ್ತಾ ಹೋದೆ. ಹನ್ನೆರಡು ವಾರ ಬರೆದೆ. ಹನ್ನೆರಡರಲ್ಲೂ ಸೋಮವಾರವೇ. ಮಿಷನ್ ರಿಪೇರಿಯ ಅಮೀರ್ ಸಾಬ್‌ಗೆ ಅದನ್ನು ತೋರಿಸಿದೆ. ಅವನು ಗ್ರೀಸಿನ ಕೈಯನ್ನು ಒರೆಸಿಕೊಂಡು ನೋಡಿದ.

"ಇದ್ರಾಗ ಏನದ ಬಾಬು. ಓಡೋ ಇಂಜಿನ್ನು ಬಂದ್ ಮಾಡಿದ್ರ ಮರುದಿನ ಚಾಲೂ ಆಗಾಕ ತ್ರಾಸು ಕೊಡ್ತದ. ಓಡಾಕತ್ತಿದ್ದಕ್ಕ ಏನೂ ಆಗಂಗಿಲ್ಲ" ಎಂದ.

ನನಗೆ ಜಗತ್ತೇ ಅರ್ಥವಾದಂತಾಯಿತು. ತಪ್ಪು ರಜೆಯದು. ಆರು ದಿನ ಎದೆ ಧೂಳಿಗೆ ಹೊಂದಿಕೊಂಡಿರುತ್ತದೆ, ಏಳನೆಯ ದಿನ ಮರೆತುಬಿಡುತ್ತದೆ, ಸೋಮವಾರ ಮತ್ತೆ ಮೊದಲಿನಿಂದ ಕಲಿಯಬೇಕು. ಅದಕ್ಕೇ ದಮ್ಮು. ಅಂದು ಸಂಜೆಯೇ ಅಕ್ಕನಿಗೆ, ಭಾನುವಾರವೂ ಕೆಲಸಕ್ಕೆ ಬಾ ಎಂದು ಹೇಳಿದೆ. ಸೀಜನ್ನಿನಲ್ಲಿ ಭಾನುವಾರವೂ ಅರ್ಧ ಮಿಷನ್ನುಗಳು ಓಡುತ್ತಿದ್ದವು, ಬೇಕಾದವರು ಬರಬಹುದಿತ್ತು.

ಅವಳು ರೊಟ್ಟಿ ಬಡಿಯುತ್ತಾ ನಕ್ಕಳು. "ಆರಾಮ ಮಾಡಿದ್ರ ರೋಗ ಬರ್ತದಂತ? ಯಾವ ಪುಸ್ತಕದಾಗ ಅದಲೇ ಇದು?"

"ನನ್ನ ಪುಸ್ತಕದಾಗ ಅದ" ಎಂದು ತೆರೆದು ಅವಳ ಮುಂದೆ ಹಿಡಿದೆ.

ಅವಳಿಗೆ ಓದಲು ಬರುತ್ತಿರಲಿಲ್ಲ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ನಾನು ಹಾಕಿದ ಗೆರೆಗಳ ಮೇಲೆ ಒಂದು ಬೆರಳನ್ನು ಮೆಲ್ಲಗೆ ಆಡಿಸಿದಳು. ಮುಂದಿನ ಭಾನುವಾರ ಕೆಲಸಕ್ಕೆ ಬಂದಳು. ಸೋಮವಾರ ಅವಳಿಗೆ ದಮ್ಮು ಬರಲಿಲ್ಲ.

ಮಾತು ಹಬ್ಬುವುದಕ್ಕೆ ಎಷ್ಟು ಹೊತ್ತು. ಹೆಂಗಸರೆಲ್ಲ ಇದ್ದದ್ದು ಮಿಲ್ಲಿನ ಹಿಂದಿನ ಒಂದೇ ಓಣಿಯಲ್ಲಿ. ಎರಡು ತಿಂಗಳಲ್ಲಿ ಮೂವತ್ತೆರಡು ಮಂದಿಯೂ ಭಾನುವಾರ ಬರತೊಡಗಿದರು, ಸೋಮವಾರದ ದಮ್ಮು ನಿಂತೇಹೋಯಿತು. ಓಣಿಯಲ್ಲಿ ಅದಕ್ಕೆ ತಾಯಣ್ಣನ ಔಷಧ ಎಂದು ಹೆಸರಾಯಿತು. ಮಹಾಂತಯ್ಯ ನನ್ನ ಮೇಜಿಗೆ ಒಂದು ಫ್ಯಾನು ಹಾಕಿಸಿಕೊಟ್ಟ. ವಿರೂಪಣ್ಣ ಸಾಹುಕಾರರು ಒಮ್ಮೆ ಬಂದವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರು ಯಾಕೆ ಕೈಯಿಟ್ಟರೆಂದು ನಾನು ಯೋಚಿಸಲಿಲ್ಲ. ಹೆಗಲು ಬೆಚ್ಚಗಾಯಿತು, ಅಷ್ಟೇ ಸಾಕಾಯಿತು ನನಗೆ.

ಮೂರು ಸೀಜನ್ನು ಹೀಗೆ ನಡೆಯಿತು.

ಅಕ್ಕನ ಉಸಿರು ಯಾವಾಗ ಕೆಟ್ಟಿತೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಒಂದು ದಿನದಲ್ಲಿ ಆದದ್ದಲ್ಲ. ನಲ್ಲಿಯಿಂದ ಮನೆಗೆ ಒಂದೇ ಉಸಿರಿಗೆ ಕೊಡ ತರುತ್ತಿದ್ದವಳು ಮೊದಲು ಒಂದು ಸಲ, ಆಮೇಲೆ ಎರಡು ಸಲ ಇಳಿಸತೊಡಗಿದಳು. ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುವುದು ರೂಢಿಯಾಯಿತು. ಮೊದಲೆಲ್ಲ ಸೀಜನ್ ಮುಗಿದು ಗಬ್ಬೂರಿಗೆ ಹೋದರೆ ವಾರದಲ್ಲಿ ಸರಿಹೋಗುತ್ತಿದ್ದವಳು, ಆ ವರ್ಷ ಕಳೆ ಕೀಳಲು ಹೋಗಿ ಅರ್ಧ ಸಾಲಿಗೇ ಬದುವಿನ ಮೇಲೆ ಕುಳಿತಳಂತೆ. ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲೆ, ಬೆಲ್ಲ ತಿನ್ನುವುದಿಲ್ಲವೆಂದು. ಎದುರು ಕೂತು ತಿನ್ನಿಸುತ್ತಿದ್ದೆ. ತಿನ್ನುತ್ತಿದ್ದಳು, ಕೆಮ್ಮುತ್ತಿದ್ದಳು.

1983ರ ಜನವರಿಯಲ್ಲಿ ಮಹಾಂತಯ್ಯ ನನ್ನನ್ನು ಕರೆದು, ಕಾಗದ ನೋಡುತ್ತಲೇ, "ನಿಮ್ಮ ಅಕ್ಕನ ಕೈ ನಿಧಾನ ಆಗ್ಯಾದ. ಬರೋ ಸೀಜನ್‌ಗ ನೋಡೋಣ" ಎಂದ. ನೋಡೋಣ ಅಂದರೆ ಬೇಡ ಎಂದರ್ಥ, ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಮೂವತ್ತಾರು ವರ್ಷದ ಹೆಂಗಸು, ಹೊಲಕ್ಕೂ ಆಗದೆ ಮಿಲ್ಲಿಗೂ ಆಗದೆ ಏನು ಮಾಡಬೇಕು? ಅವಳಿಗೆ ಹೇಳಲಿಲ್ಲ. ಕುರ್ಚಿಯ ಮೇಲೆ ಕೂರಲಾಗದೆ ಹೊರಗೆ ಹೋದೆ, ಅಂಗಳದಲ್ಲಿ ನಿಲ್ಲಲಾಗದೆ ಒಳಗೆ ಬಂದೆ.

ಅದೇ ತಿಂಗಳು ಸರಕಾರದಿಂದ ಒಬ್ಬ ಡಾಕ್ಟ್ರಮ್ಮ ಬಂದರು. ಬೆಂಗಳೂರಿನವರು, ಕನ್ನಡಕ, ಚಪ್ಪಲಿಯ ಬದಲು ಬೂಟು. ಹತ್ತಿ ಮಿಲ್ಲುಗಳ ಕೆಲಸಗಾರರ ಎದೆ ಪರೀಕ್ಷೆ ಮಾಡುವುದು ಅವರ ಕೆಲಸ. ಅವರ ಹತ್ತಿರ ಊದುವ ಒಂದು ಕೊಳವೆ ಇತ್ತು, ಊದಿದರೆ ಮುಳ್ಳು ಏರಿ ಒಂದು ಅಂಕಿಯ ಹತ್ತಿರ ನಿಲ್ಲುತ್ತಿತ್ತು. ರಜೆಯ ಮರುದಿನ ಬೆಳಿಗ್ಗೆ ಒಳಗೆ ಹೋಗುವ ಮುಂಚೆ ಒಮ್ಮೆ ಊದಬೇಕು, ಸಂಜೆ ಹೊರಗೆ ಬಂದಾಗ ಮತ್ತೆ ಊದಬೇಕು. ಸಂಜೆಯ ಅಂಕಿ ತೀರಾ ಇಳಿದಿದ್ದರೆ ಅದು ಹತ್ತಿಯ ಧೂಳಿನ ರೋಗ. ಅಂಥವರಿಗೆ ಒಂದು ಕಾಗದ ಕೊಡುತ್ತಾರೆ. ಆ ಕಾಗದ ಇದ್ದವರನ್ನು ಮಿಲ್ಲಿನವರು ತೆಗೆದುಹಾಕುವಂತಿಲ್ಲ, ಬಯಲಿನಲ್ಲಿ ಬೀಜ ಒಣಗಿಸುವಂಥ ಹಗುರ ಕೆಲಸ ಕೊಡಬೇಕು. ಇದನ್ನು ಕೇಳಿದಾಗ ಎಷ್ಟೋ ದಿನಗಳ ಮೇಲೆ ನನಗೆ ಹೊಟ್ಟೆ ತುಂಬ ಊಟ ಸೇರಿತು.

"ಇವರಿಗೆ ವಾರದ ರಜೆ ಯಾವತ್ತು?" ಎಂದು ಡಾಕ್ಟ್ರಮ್ಮ ನನ್ನನ್ನೇ ಕೇಳಿದರು. ಹಾಜರಿ ಪುಸ್ತಕ ಕೊಟ್ಟೆ. ಅವರು ಹಾಳೆ ತಿರುವಿದರು, ಮತ್ತೆ ತಿರುವಿದರು. "ಯಾರೂ ರಜೆಯನ್ನೇ ತಗೊಂಡಿಲ್ಲ. ಮೂರು ವರ್ಷದಿಂದ. ಯಾಕೆ?"

ಅಕ್ಕನ ಪಕ್ಕದ ಮಿಷನ್ನಿನ ಶಹಜಾದಿ ಬೇಗಂ ಅಲ್ಲೇ ಇದ್ದಳು. "ರಜಾ ಮಾಡಿದ್ರ ದಮ್ಮು ಬರ್ತದ್ರೀ" ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಡಾಕ್ಟ್ರಮ್ಮ ಕನ್ನಡಕ ತೆಗೆದರು. "ದಿನಾ ಧೂಳಿನ ಏಟು ಬೀಳ್ತಾನೇ ಇರತ್ತಮ್ಮ. ರಜೆ ತಗೊಂಡ ಮರುದಿನ ನಿಮಗೆ ಗೊತ್ತಾಗತ್ತೆ, ಉಳಿದ ದಿನ ಗೊತ್ತಾಗಲ್ಲ, ಅಷ್ಟೇ. ಗೊತ್ತಾಗದೆ ಇದ್ದರೆ ಏಟು ಬಿದ್ದಿಲ್ಲ ಅಂತಲ್ಲ. ಯಾರು ಹೇಳಿದ್ದು ನಿಮಗೆ ಇದನ್ನ?"

ಶಹಜಾದಿ ಬೇಗಂ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ, "ಹಂಗೇ ರೂಢಿ ಆಗ್ಯಾದ್ರೀ ಮೇಡಂ." ಅಮೀರ್ ಸಾಬ್ ನನ್ನನ್ನು ಒಮ್ಮೆ ನೋಡಿ ಇಂಜಿನ್ನಿನ ಕಡೆ ತಿರುಗಿಕೊಂಡ.

ಆ ಭಾನುವಾರ ಡಾಕ್ಟ್ರಮ್ಮ ಮಿಲ್ಲಿಗೆ ಬೀಗ ಹಾಕಿಸಿದರು. ಸರಕಾರದವರೆಂಬ ಭಯಕ್ಕೆ ಸಾಹುಕಾರರು ಒಪ್ಪಿದರು. ಎಲ್ಲರೂ ಮನೆಯಲ್ಲಿ ಆರಾಮ ಮಾಡಿ ಸೋಮವಾರ ಬರಬೇಕು ಎಂದಾಗ ಹೆಂಗಸರ ಮುಖ ಸಣ್ಣಗಾಯಿತು. ಕಾಗದ ಎಲ್ಲರಿಗೂ ಬೇಕಿತ್ತು. ಸೋಮವಾರದ ದಮ್ಮು ಯಾರಿಗೂ ಬೇಕಿರಲಿಲ್ಲ. ನಾನು ಆ ದಿನವಿಡೀ ಡಾಕ್ಟ್ರಮ್ಮ ಇಳಿದುಕೊಂಡಿದ್ದ ಬಂಗಲೆಯಲ್ಲಿ ಕುಳಿತು ಹೆಸರುಗಳ ಪಟ್ಟಿ, ಕೋಷ್ಟಕದ ಗೆರೆ ಎಲ್ಲ ಬರೆದುಕೊಟ್ಟೆ. ನನ್ನ ಅಕ್ಷರ ದುಂಡಗಿದೆ ಎಂದು ಅವರು ಹೊಗಳಿದರು.

ಸೋಮವಾರ ಬೆಳಿಗ್ಗೆ ಹೆಂಗಸರು ಗೇಟಿನ ಹೊರಗೆ ಸಾಲಾಗಿ ನಿಂತಿದ್ದರು. ಬೀಗ ಇನ್ನೂ ತೆಗೆದಿರಲಿಲ್ಲ. ಅಕ್ಕನ ಹತ್ತಿರ ಹೋದೆ. ಅವಳ ಕಿವಿಯ ಹಿಂದೆ, ಕೂದಲಿನಲ್ಲಿ, ಬಿಳಿ ಅರಳೆಯ ಎಳೆಗಳು.

"ಅಕ್ಕಾ, ತಲ್ಯಾಗ ಏನದು?"

ಅವಳು ಕೈಯಾಡಿಸಿ ತೆಗೆದು ನೋಡಿ ಮುಗುಳ್ನಕ್ಕಳು, ಧ್ವನಿ ತಗ್ಗಿಸಿದಳು. "ಯಾರಿಗೂ ಹೇಳಬ್ಯಾಡ. ನಿನ್ನಿ ದಿನಪೂರ್ತಿ ಶಹಜಾದಿ ಮನ್ಯಾಗ ಇದ್ವಿ. ಆಕಿ ಗಂಡ ಪೀರಾ ಸಾಬ್ ಗಾದಿಗೆ ಹತ್ತಿ ಹಿಂಜಾಕತ್ತಿದ್ದ. ಬಾಜೂಕ ಕುಂತ್ವಿ. ಓಣ್ಯಾಗಿನ ಎಲ್ಲಾರೂ ಪಾಳಿ ಮ್ಯಾಲೆ ಬಂದು ಕುಂತು ಹೋದ್ರು. ಎದಿ ಮರೀಲಿಲ್ಲ ನೋಡು. ಇವತ್ತು ದಮ್ಮು ಬರಂಗಿಲ್ಲ, ಚೊಲೋ ಊದ್ತೀನಿ."

ಪಿಂಜಾರ ಪೀರಾ ಸಾಬನ ಮನೆ ನನಗೆ ಗೊತ್ತು. ಒಂದು ಬಾಗಿಲಿನ, ಕಿಟಕಿಯಿಲ್ಲದ ಕೋಣೆ. ಬಿಲ್ಲಿನ ಹುರಿಯನ್ನು ಮೀಟಿ ಹಳೆಯ ಹತ್ತಿ ಹಿಂಜುವಾಗ ಒಳಗೆ ಮನುಷ್ಯರ ಮುಖ ಕಾಣುವುದಿಲ್ಲ. ಅಲ್ಲಿ ಇವರು ಪಾಳಿ ಹಚ್ಚಿ ಕುಳಿತಿದ್ದಾರೆ. ಚೊಲೋ ಊದುವುದೇ ಪರೀಕ್ಷೆ ಎಂದುಕೊಂಡಿದ್ದಾರೆ. ಬೆಳಿಗ್ಗೆಯೇ ಇಳಿದಿರುವ ಅಂಕಿ ಸಂಜೆಗೆ ಇನ್ನೆಲ್ಲಿ ಇಳಿಯುತ್ತದೆ?

ಡಾಕ್ಟ್ರಮ್ಮ ಹತ್ತು ಹೆಜ್ಜೆಯ ಮೇಲಿದ್ದರು. ಹೋಗಿ ಹೇಳಬೇಕಿತ್ತು. ಹೇಳಿದರೆ ಯಾರು ಕಲಿಸಿದರೆಂದು ಮತ್ತೆ ಕೇಳುತ್ತಾರೆ. ಹೋಗಲಿಲ್ಲ. ಹೆಸರು ಕೂಗಿದೆ, ಒಬ್ಬೊಬ್ಬರೇ ಊದಿದರು. ಅಕ್ಕನ ಮುಳ್ಳು ಇನ್ನೂರಕ್ಕೆ ನಿಂತಿತು. ಸಂಜೆಯೂ ಇನ್ನೂರರ ಹತ್ತಿರವೇ. ಅವಳು ನನ್ನ ಕಡೆ ನೋಡಿ, ಗೆದ್ದೆ ಎಂಬಂತೆ ತಲೆಯಾಡಿಸಿದಳು.

ಮರುದಿನ ಡಾಕ್ಟ್ರಮ್ಮ ಪಟ್ಟಿಯನ್ನು ನನ್ನ ಮುಂದಿಟ್ಟು, ನೀಟಾಗಿ ಇನ್ನೊಂದು ಪ್ರತಿ ಬರೆದುಕೊಡಿ ಎಂದರು. ಅವರ ಮುಖದಲ್ಲಿ ಗೊಂದಲವಿತ್ತು. ಎಲ್ಲರ ಎದೆಯೂ ಕೆಟ್ಟಿದೆ, ಆದರೆ ಮೂವತ್ತೆರಡರಲ್ಲಿ ಒಬ್ಬರಿಗೂ ಅಂಕಿ ಇಳಿದಿಲ್ಲ. ಹಾಗಾಗಿ ಕೊನೆಯ ಕಾಲಮ್ಮಿನಲ್ಲಿ ಎಲ್ಲರ ಹೆಸರಿಗೂ ಒಂದೇ ಮಾತು, ಧೂಳಿನಿಂದ ಬಂದದ್ದೆಂದು ಹೇಳಲಾಗದು. ಬರೆಯಲು ಕುಳಿತೆ. ಹತ್ತು ಹೆಸರು ಬರೆದೆ. ಹನ್ನೊಂದನೆಯದು ದುರುಗಮ್ಮ. ಹೆಸರನ್ನು ದುಂಡಗೆ ಬರೆದೆ. ಆ ಹೆಸರಿನ ಮುಂದೆ ಆ ಮಾತನ್ನು ಬರೆಯಲು ಮಾತ್ರ ನನ್ನ ಕೈಗೆ ಆಗಲಿಲ್ಲ. ಪೆನ್ನು ಮುಚ್ಚಿದೆ, ತೆರೆದೆ, ಮುಚ್ಚಿದೆ. ಆಮೇಲೆ ಎದ್ದು ಹೋಗಿ, ನಿಂತಲ್ಲೇ, ಪಿಂಜಾರನ ಮನೆಯಿಂದ ಹಿಡಿದು ಹನ್ನೆರಡು ಸೋಮವಾರಗಳವರೆಗೆ ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನೀವು ಕಂಡುಹಿಡಿದದ್ದು ಸರಿಯಾಗೇ ಇತ್ತು. ಸೋಮವಾರ ಅನ್ನೋದು ಸರಿ" ಎಂದರು. "ಒಂದು ಮಾತು ಯಾರನ್ನಾದರೂ ಕೇಳಬೇಕಿತ್ತು. ನಾಳೆಯಿಂದ ನಾನು ಮಾನ್ವಿ ಮಿಲ್ಲುಗಳಿಗೆ ಹೋಗಬೇಕು. ಇನ್ನು ಮೂರು ಸೋಮವಾರ ಮಾತ್ರ ಇಲ್ಲಿಗೆ ಬರೋಕಾಗತ್ತೆ. ಯಾರು ನಿಜವಾಗಿ ರಜೆ ತಗೊಂಡು ಬರ್ತಾರೋ ಅವರನ್ನ ಮತ್ತೆ ಪರೀಕ್ಷೆ ಮಾಡ್ತೀನಿ. ಹತ್ತಿಯ ಹತ್ತಿರ ಸುಳಿಯಬಾರದು."

ಹೆಂಗಸರಿಗೆ ಡಾಕ್ಟ್ರಮ್ಮನ ಮಾತೆಂದು ಹೇಳಿದೆ. ನನ್ನ ತಪ್ಪೆಂದು ಹೇಳಲಿಲ್ಲ. ಯಾರೂ ಒಪ್ಪಲಿಲ್ಲ. ಅಕ್ಕನನ್ನು ಮಾತ್ರ, ಊರಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ, ಶುಕ್ರವಾರ ಸಂಜೆ ಗಬ್ಬೂರಿನ ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ.

ಶನಿವಾರವೆಲ್ಲ ಅವಳು ಚಡಪಡಿಸಿದಳು. ಹೊರಸಿನ ಮೇಲೆ ಕೂರುವಳು, ಏಳುವಳು, ಹಳೆಯ ಗಾದಿಯ ಮೂಲೆ ಬಿಚ್ಚಿ ಹತ್ತಿ ತೆಗೆಯಲು ನೋಡುವಳು. ಗಾದಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದೆ. ಭಾನುವಾರ ಬೆಳಿಗ್ಗೆ ನಾನೆದ್ದಾಗ ಅವಳು ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದಳು. ಮಲಗಿದ್ದಳು, ಗೋಡೆಗೆ ಒರಗಿ ಅಲ್ಲ. ಎಷ್ಟೋ ತಿಂಗಳಾಗಿತ್ತು ನಾನದನ್ನು ನೋಡಿ. ಸಂಜೆ ಮೆಟ್ಟಿಲು ಬಾವಿಯಿಂದ ಕೊಡ ಹೊತ್ತು ಬಂದಳು. ಮೇಲೆ ಬಂದು ನಿಂತ ಮೇಲೆ ಅವಳಿಗೇ ಅರಿವಾಯಿತು, ನಡುವೆ ಎಲ್ಲೂ ನಿಂತಿರಲಿಲ್ಲವೆಂದು. ಕೊಡ ಇಳಿಸಿದಳು. ಮುಖದಲ್ಲಿ ಸಂತೋಷವಿರಲಿಲ್ಲ, ಹೆದರಿಕೆ ಇತ್ತು.

"ತಾಯಣ್ಣಾ, ಇಷ್ಟು ಆರಾಮ ಆಗ್ಯಾದಂದ್ರ ಎದಿ ಪೂರಾ ಮರ್ತದ. ನಾಳಿಗೆ ನಾ ಉಳಿಯಂಗಿಲ್ಲ."

ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕುಳಿತು ಹೇಳಿದೆ. ರಜೆಯಿಂದ ಏನೂ ಆಗುವುದಿಲ್ಲ. ಕೆಡಿಸುತ್ತಿರುವುದು ಹತ್ತಿಯ ಧೂಳು. ನಾನು ಹೇಳಿದ್ದು ತಪ್ಪು. ನೀನು ದಣಿವಾರಿಸಿಕೊಳ್ಳುತ್ತಿದ್ದ ಒಂದು ದಿನವನ್ನೂ ನಾನು ಕಸಿದುಕೊಂಡೆ.

ಅವಳು ಕೊಡದ ಬಾಯಿಗೆ ಅಂಗೈ ಇಟ್ಟುಕೊಂಡು ಕೂತಿದ್ದಳು. "ಮೂರು ವರ್ಷ" ಎಂದಳು.

"ಹೂಂ."

"ನಾ ಖುಷೀಲೆ ಹೋಗ್ತಿದ್ನಲ್ಲೋ. ನನ್ನ ತಮ್ಮ ಪುಸ್ತಕದಾಗ ಬರದು ಕಂಡುಹಿಡದಾನ ಅಂತ ಎಲ್ಲಾರ ಮುಂದ ಹೇಳ್ಕೊಂತ ಹೋಗ್ತಿದ್ನಿ."

ನನಗೆ ಅಳು ಬಂತು, ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾದದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಉಳಿದವರಿಗೆ ಹೇಳಿಯೇನು?" ಎಂದು ಕೇಳಿದಳು. ಇಲ್ಲವೆಂದೆ. "ಮೊದಲ ಅವರಿಗೆ ಹೇಳ್ಬೇಕಿತ್ತು" ಎಂದು ಕೊಡ ಎತ್ತಿಕೊಂಡಳು.

ಸೋಮವಾರ ಮೊದಲ ಬಸ್ಸಿಗೆ ಬಂದೆವು. ಡಾಕ್ಟ್ರಮ್ಮ ಗೇಟಿನಲ್ಲಿದ್ದರು. ಅಕ್ಕ ಊದಿದಳು, ಮುಳ್ಳು ಇನ್ನೂರ ಎಪ್ಪತ್ತಕ್ಕೆ ಹೋಯಿತು. ಆಮೇಲೆ ಒಳಗೆ ಹೋಗಿ ತನ್ನ ಮಿಷನ್ನಿನ ಮುಂದೆ ಕುಳಿತಳು. ಸಂಜೆಯ ಅಂಕಿ ಬೇಕೆಂದರೆ ದಿನಪೂರ್ತಿ ಅಲ್ಲಿ ಕೂರಲೇಬೇಕು. ಇಷ್ಟು ದಿನ ತಿಳಿಯದೆ ಕಳಿಸುತ್ತಿದ್ದೆ, ಅಂದು ತಿಳಿದೂ ಕಳಿಸಿದೆ.

ಹನ್ನೆರಡರ ಹೊತ್ತಿಗೆ ಶುರುವಾಯಿತು. ಕೆಮ್ಮು, ಆಮೇಲೆ ಕೆಮ್ಮಲೂ ಉಸಿರಿಲ್ಲದ ಹಾಗೆ ಹೆಗಲು ಮೇಲೆದ್ದು ಬೀಳುವುದು. ಎರಡು ಗಂಟೆಗೆ ತುಟಿ ಕಪ್ಪಾಗಿತ್ತು. ನಾನು ಬಾಗಿಲಿಗೂ ಅವಳ ಮಿಷನ್ನಿಗೂ ಎಷ್ಟು ಸಲ ಓಡಾಡಿದೆನೋ. ಸಾಕು ಎದ್ದು ಬಾ ಎಂದರೆ ತಲೆಯಾಡಿಸಿ ಇನ್ನೊಂದು ಹಿಡಿ ಹತ್ತಿ ಕೊಡುತ್ತಿದ್ದಳು. ಕೊನೆಗೆ ಡಾಕ್ಟ್ರಮ್ಮನೇ ಬಂದು, ಗಂಟೆ ಹೊಡೆಯುವ ಮುಂಚೆ, ತೋಳು ಹಿಡಿದು ಹೊರಗೆ ಕರೆತಂದರು. ಕೊಳವೆ ಹಿಡಿಯಲು ಅವಳ ಕೈ ನಿಲ್ಲುತ್ತಿರಲಿಲ್ಲ, ನಾನು ಹಿಡಿದುಕೊಂಡೆ. ಊದಿದಳು. ನೂರ ಅರವತ್ತು.

ಕಾಗದ ಸಿಕ್ಕಿತು. ಮಹಾಂತಯ್ಯ ಅದನ್ನು ಎರಡು ಸಲ ಓದಿ ದುರುಗಮ್ಮನನ್ನು ಬಯಲಿನ ಕೆಲಸಕ್ಕೆ ಹಾಕಿದ. ಹೋದದ್ದೆಲ್ಲ ಮರಳಿ ಬರುವುದಿಲ್ಲ, ಇನ್ನು ಕೆಡದಂತೆ ನೋಡಿಕೊಳ್ಳಬಹುದು ಎಂದು ಡಾಕ್ಟ್ರಮ್ಮ ಹೇಳಿ ಮಾನ್ವಿಗೆ ಹೋದರು.

ನನ್ನ ಕೆಲಸ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮೂವತ್ತೊಂದು ಹೆಂಗಸರು ಆ ಸೋಮವಾರವೆಲ್ಲ ತಮ್ಮ ತಮ್ಮ ಮಿಷನ್ನಿನ ಮುಂದೆ ಕುಳಿತು ನೋಡಿದ್ದು ಏನು? ದುರುಗಮ್ಮ ಎರಡು ದಿನ ಊರಿಗೆ ಹೋಗಿ ಆರಾಮ ಮಾಡಿದಳು, ಬಂದ ದಿನವೇ ಸಾಯಲು ಬಿದ್ದಳು. ತಾಯಣ್ಣನ ಔಷಧ ಖರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ. ಅವಳಿಗೆ ಕಾಗದ ಕೊಡಿಸಿದ ಆ ದಿನ, ಉಳಿದವರ ಎದೆಯಲ್ಲಿ ನನ್ನ ತಪ್ಪನ್ನು ಮೊಳೆ ಹೊಡೆದು ಕೂಡಿಸಿತ್ತು.

ಮಂಗಳವಾರ ಬೆಲ್ಲ ಹಂಚುವ ಹೊತ್ತಿನಲ್ಲಿ, ಎಲ್ಲರೂ ಇದ್ದಾಗ, ಮಹಾಂತಯ್ಯನೂ ಕೇಳಿಸಿಕೊಳ್ಳುವಂತೆ, ಹೇಳಿದೆ. ಭಾನುವಾರ ಯಾರೂ ಬರಬೇಡಿರಿ, ನಾ ಹೇಳಿದ್ದು ತಪ್ಪು, ನಿಮ್ಮ ಎದೆ ಕೆಡಿಸುತ್ತಿರುವುದು ಈ ಧೂಳು. ಮಹಾಂತಯ್ಯ ಹುಬ್ಬು ಗಂಟಿಕ್ಕಿದ. ಮರುದಿನದ ಹೊತ್ತಿಗೆ ನನ್ನ ಮೇಜಿನ ಫ್ಯಾನು ಕಾಣೆಯಾಯಿತು. ಅದಿರಲಿ. ಹೆಂಗಸರು ಬೆಲ್ಲ ಕೈಯಲ್ಲಿ ಹಿಡಿದು ನನ್ನನ್ನು ನೋಡುತ್ತ ನಿಂತರು.

"ಮೂರು ವರ್ಷ ಖರೆ ಇದ್ದದ್ದು ಇವತ್ತು ಸುಳ್ಳಾತೇನ್ ಭಾಯಿ?" ಎಂದಳು ಶಹಜಾದಿ ಬೇಗಂ. "ನಿಮ್ಮ ಅಕ್ಕಗ ಕಾಗದ ಸಿಕ್ತು. ನಮಗ ದಮ್ಮು ಬರ್ಲಿ ಅಂತೀರೇನು? ನೀವು ಓದಿದವರು. ಆವಾಗ ಓದಿದವರು ಹೇಳಿದ್ರಂತ ಕೇಳಿದ್ವಿ. ಈಗೂ ಓದಿದವರೇ ಹೇಳಾಕತ್ತೀರಿ. ಯಾವುದು ಕೇಳೋಣ?"

 ಬುಧವಾರ ಹೇಳಿದೆ, ಗುರುವಾರ ಹೇಳಿದೆ. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಡಾಕ್ಟ್ರಮ್ಮ ಬರುವುದು ಇನ್ನು ಎರಡೇ ಸೋಮವಾರ.

ಶನಿವಾರ ಸಂಜೆ ಅಕ್ಕ ಶಹಜಾದಿ ಬೇಗಂಳ ಮನೆಗೆ ಹೋದಳು. ನಾನೂ ಹಿಂದೆ ಹೋಗಿ ಹೊಸ್ತಿಲಾಚೆ ನಿಂತೆ. ಅಕ್ಕ ಡಾಕ್ಟರ ಮಾತು, ನನ್ನ ಮಾತು ಎರಡನ್ನೂ ಎತ್ತಲಿಲ್ಲ.

"ಶಹಜಾದಿ, ಗಬ್ಬೂರಾಗ ಆಯ್ತಾರ ನಾ ಬಾವಿ ಮೆಟ್ಟಲ ನಿಂದ್ರಲಾರದ ಹತ್ತೀನಿ. ತುಂಬಿದ ಕೊಡ ಇತ್ತು. ಕಾಲು ಚಾಚಿ ಮಲಗೀನಿ. ಸ್ವಾಮಾರ ಸಾಯೋಹಂಗಾತು, ನೀನೇ ನೋಡೀಯಲ್ಲ. ಆದ್ರ ಆಯ್ತಾರ ಹಂಗಿತ್ತು."

ಶಹಜಾದಿ ಬೇಗಂ ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಸಜ್ದಾ ಮಾಡಾಕ ಆಗವಲ್ಲದು ನನಗ. ಹಣಿ ನೆಲಕ್ಕ ಹಚ್ಚಿದ್ರ ಉಸಿರು ನಿಂದರ್ತದ. ಒಂದು ವರ್ಷಾತು, ಕುಂತೇ ನಮಾಜು ಮಾಡಾಕತ್ತೀನಿ" ಎಂದಳು.  ಪೀರಾ ಸಾಬ್ ಮೂಲೆಯಲ್ಲಿ ತನ್ನ ಬಿಲ್ಲನ್ನು ಗೋಡೆಗೆ ಒರಗಿಸಿಟ್ಟ. ನಾವು ಎದ್ದು ಬಂದೆವು.

ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಎಂದಿನಂತೆ ಸಾಲು. ಮಹಾಂತಯ್ಯ ನನ್ನ ಹಿಂದೆಯೇ ನಿಂತಿದ್ದ. ಪುಸ್ತಕ ತೆರೆದು ಹೆಸರು ಕೂಗಿದೆ. ಬಂದೀನ್ರಿ. ಬಂದೀನ್ರಿ. ಒಬ್ಬೊಬ್ಬರೂ ಕೆಮ್ಮುತ್ತಾ ಒಳಗೆ ಹೋದರು.  ಇಪ್ಪತ್ತಾಯಿತು. ಇಪ್ಪತ್ತೈದಾಯಿತು.

"ಶಹಜಾದಿ ಬೇಗಂ" ಎಂದೆ.

ಯಾರೂ ಮಾತಾಡಲಿಲ್ಲ. ತಲೆಯೆತ್ತಿ ಸಾಲನ್ನು ನೋಡಿದೆ. ಮತ್ತೆ ಕೂಗಿದೆ, ಮೂರನೆಯ ಸಲವೂ ಕೂಗಿದೆ. "ಇಲ್ಲಂದ್ರ ಗೈರು ಹಾಕು, ಮುಂದ ನಡಿ" ಎಂದು ಮಹಾಂತಯ್ಯ ಹಿಂದಿನಿಂದ ಗದರಿದ.

ಮೂರು ವರ್ಷದಲ್ಲಿ ಭಾನುವಾರದ ಕಾಲಮ್ಮಿನಲ್ಲಿ ಗೈರಿನ ಗುರುತನ್ನೇ ಹಾಕಿರಲಿಲ್ಲ. ಹಾಕಿದೆ.  ಬಯಲಿನಲ್ಲಿ ಬೀಜ ಹರವುತ್ತಿದ್ದ ಅಕ್ಕ ಸೊಂಟ ನೆಟ್ಟಗೆ ಮಾಡಿ ಇತ್ತ ನೋಡುತ್ತಿದ್ದಳು. ನಾಳೆ ಮಧ್ಯಾಹ್ನ ಶಹಜಾದಿ ಬೇಗಂ ಉಸಿರು ಸಿಗದೆ ಒದ್ದಾಡುತ್ತಾ ನನಗೆ, ನನ್ನ ಎಸ್ಸೆಸ್ಸೆಲ್ಸಿಗೆ, ನಮ್ಮ ಮನೆತನಕ್ಕೆಲ್ಲ ಶಾಪ ಹಾಕುತ್ತಾಳೆಂದು ಗೊತ್ತಿತ್ತು. ಹಾಕಲಿ. ಸಂಜೆ ಕೊಳವೆ ಹಿಡಿಯಲು ಅವಳ ಕೈ ನಿಲ್ಲದಿದ್ದರೆ ಹಿಡಿಯಲು ನಾನಿರುತ್ತೇನೆ ಎಂದುಕೊಂಡು ಮುಂದಿನ ಹೆಸರು ಕೂಗಿದೆ.